ಇಪ್ಪತ್ತೇಳು ಕಪಾಟು, ಒಂದೇ ಸೊಂಟ

ಪಂಚೆಯನ್ನು ಒಗೆಯುವ ಕಲ್ಲಿನ ಮೇಲೆ ಹರಡಿ, ಸೊಂಟಕ್ಕೆ ಬರುವ ಜಾಗಕ್ಕೆ ಉಪ್ಪು ಹಾಕಿ ಲಿಂಬೆ ಹೋಳಿನಿಂದ ತಿಕ್ಕುತ್ತಾ ಇದ್ದೆ. ತುಕ್ಕಿನ ಕಲೆ. ಒಂದು ಪಂಚೆಯಲ್ಲಿ ಅಲ್ಲ, ನನ್ನ ತಮ್ಮನ ಆರು ಪಂಚೆಗಳಲ್ಲೂ, ಎಡಗಡೆಗೆ, ಅಂಗೈ ಅಗಲ, ಒಂದೇ ಜಾಗದಲ್ಲಿ. ನಾವಿರುವ ಕೊಚ್ಚಿಯ ಮಟ್ಟಾಂಚೇರಿಯ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬೆವರುವ ಸೊಂಟಕ್ಕೆ ಕಟ್ಟಿಕೊಂಡರೆ ಇನ್ನೂ ಬೇಗ.

ಆ ಕಬ್ಬಿಣ ಎಂದರೆ ಬೀಗದಕೈ ಗೊಂಚಲು. ನನ್ನ ತಮ್ಮ ವೆಂಕಟ್ರಮಣ, ದೋಣಿಯಲ್ಲಿ ಹಿನ್ನೀರು ದಾಟಿದರೆ ಸಿಗುವ ಎರ್ನಾಕುಳಂನ ಒಂದು ಸರಕಾರಿ ಕಾಲೇಜಿನಲ್ಲಿ ಲೈಬ್ರರಿಯನ್. ಕಾಲೇಜಿನ ಹೆಸರು ಬೇಡ, ಇಂಥ ಲೈಬ್ರರಿ ಇನ್ನೂ ಹತ್ತು ಕಡೆ ಇರಬಹುದು. ಅಲ್ಲಿ ಇಪ್ಪತ್ತೇಳು ಕಪಾಟು, ಇಪ್ಪತ್ತೇಳು ಬೀಗ. ಬೀಗದಕೈ ಅಷ್ಟೂ ಅವನ ಸೊಂಟದಲ್ಲಿ. ಅವನು ಅಂಗಳಕ್ಕೆ ಕಾಲಿಟ್ಟರೆ ಗಂಟೆ ಕಟ್ಟಿದ ದನ ಹಟ್ಟಿಗೆ ಬಂದ ಹಾಗೆ ಕೇಳುತ್ತದೆ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಅದೇ ಸೊಂಟದ ಕೆಳಗೆ, ಬಲಗಡೆಗೆ, ಅವನಿಗೆ ಹರ್ನಿಯ. ಕರುಳು ಇಳಿದು ಗಂಟಾಗುವ ಕಾಯಿಲೆ. ಆಪರೇಷನ್ ಆಗಬೇಕು, ಆಮೇಲೆ ಒಂದೂವರೆ ತಿಂಗಳು ಸುಮ್ಮನೆ ಇರಬೇಕು, ಅಲ್ಲಿಯವರೆಗೂ ಭಾರ ಎತ್ತಬಾರದು, ಏಣಿ ಹತ್ತಬಾರದು ಎಂದು ಡಾಕ್ಟರು ಹೇಳಿ ಎರಡು ವರ್ಷ ಆಗಿತ್ತು. ತಡ ಮಾಡಿದರೆ ಒಂದು ದಿನ ಕರುಳು ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗಲಿಕ್ಕಿಲ್ಲ ಎಂದೂ ಹೇಳಿದ್ದರು.

ಅಂದೇ ಅವನು ರಜೆಯ ಅರ್ಜಿ ಬರೆದ. ತಿರುವನಂತಪುರದ ಕಛೇರಿಗೆ ಹೋಗಬೇಕಾದ ಕಾಗದ. ಬರೆದು, ಮಡಚಿ, ಮೇಜಿನ ಡ್ರಾಯರಿನಲ್ಲಿ ಇಟ್ಟ. ಅದು ೧೯೯೩ರ ಜೂನ್. ನಾನು ಕಲೆ ತಿಕ್ಕುತ್ತಾ ಇದ್ದದ್ದು ೧೯೯೫ರ ಸೆಪ್ಟೆಂಬರಿನಲ್ಲಿ. ಕಾಗದ ಡ್ರಾಯರಿನಲ್ಲೇ ಇತ್ತು. ಅವನ ಹೆಂಡತಿ ಶಾರದ ಕಾಸರಗೋಡಿನಲ್ಲಿ ಶಾಲೆಯ ಟೀಚರು, ರಜೆಗೆ ಮಾತ್ರ ಕೊಚ್ಚಿಗೆ ಬರುತ್ತಾಳೆ. ಪ್ರತಿ ಪತ್ರದಲ್ಲೂ ಅವಳು ಕೇಳುತ್ತಿದ್ದಳು, ಕಾಗದ ಹೋಯಿತಾ ಎಂದು. ಉತ್ತರ ಬರೆಯುವ ಕೆಲಸ ನನ್ನದು. “ಇನ್ನೂ ಇಲ್ಲ” ಎಂದು ಬರೆದು ಬರೆದು ಆ ಎರಡು ಶಬ್ದ ನನ್ನ ಕೈಯಲ್ಲಿ ಬಹಳ ಚಂದ ಬರುತ್ತಿತ್ತು.

ಯಾಕೆ ಕಳಿಸುವುದಿಲ್ಲ ಎಂದು ಕೇಳಿದರೆ, ಲೈಬ್ರರಿ ಯಾರು ನೋಡುವುದು ಎನ್ನುತ್ತಿದ್ದ. ಅದೂ ಸುಳ್ಳಲ್ಲ. ಯಾವ ಪುಸ್ತಕ ಯಾವ ಕಪಾಟಿನಲ್ಲಿ ಉಂಟು ಎಂದು ಕಾರ್ಡು ಬರೆದು ಇಡುವುದು ಲೈಬ್ರರಿಗಳ ಪದ್ಧತಿ. ಅಲ್ಲಿ ಕಾರ್ಡು ಬರೆಯುತ್ತಿದ್ದ ಗುಮಾಸ್ತರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಪುಸ್ತಕ ಬರುತ್ತಾ ಹೋಯಿತು, ಕಾರ್ಡು ನಿಂತುಹೋಯಿತು. ಎಂಟು ವರ್ಷದ ಪುಸ್ತಕಗಳ ಜಾಗ ಇದ್ದದ್ದು ವೆಂಕಟ್ರಮಣನ ತಲೆಯಲ್ಲಿ ಮಾತ್ರ. ನಮ್ಮ ಸಾರ್ ಇರುವಾಗ ಕಾರ್ಡು ಯಾಕೆ ಎಂದು ಪ್ರಿನ್ಸಿಪಾಲರು ಬಂದವರ ಮುಂದೆ ಹೊಗಳುತ್ತಿದ್ದರು. ಅವನಿಗೆ ಅದು ಹೆಮ್ಮೆ. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆ. ದೋಣಿಯಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳಿದ್ದೇನೆ.

ಕಲೆ ಹೋಗಲಿಲ್ಲ. ಪಂಚೆ ಹಿಂಡುವಾಗ ಗೇಟಿನ ಸದ್ದಾಯಿತು.

ಬಂದವನು ಶ್ರೀಕಂಠ. ಮೈಸೂರಿನವನು, ನನ್ನ ತಮ್ಮನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಲೈಬ್ರರಿ ಕೋರ್ಸು ಓದಿದವನು. ಈಗ ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಒಂದು ಸಂಸ್ಥೆಯ ಲೈಬ್ರರಿ ಅವನ ಕೈಯಲ್ಲಿ. ಪರದೇಶದಿಂದ ಹಡಗಿನಲ್ಲಿ ಬಂದ ಪುಸ್ತಕದ ಪೆಟ್ಟಿಗೆಯೊಂದು ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸಿನಲ್ಲಿ ಮೂರು ವಾರದಿಂದ ಕುಳಿತಿತ್ತಂತೆ. ಬಿಡಿಸಿಕೊಳ್ಳಲು ಬಂದರೆ, ಒಂದು ಸಹಿ ನಾಳೆ ಸಿಗುತ್ತದೆ ಎಂದರಂತೆ. ಇವತ್ತು ಇಡೀ ದಿನ ಖಾಲಿ. ಅಷ್ಟರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ವೆಂಕಟ್ರಮಣ ಮರೆತು ಹೋದ ಬುತ್ತಿ. ಇಬ್ಬರೂ ಬುತ್ತಿ ಹಿಡಿದು ದೋಣಿ ಹತ್ತಿದೆವು.

ಲೈಬ್ರರಿ ಇರುವುದು ಮಾಳಿಗೆಯಲ್ಲಿ. ಇಪ್ಪತ್ತನಾಲ್ಕು ಮೆಟ್ಟಿಲು. ನಾನು ಎಣಿಸಿಯೇ ಹತ್ತುವುದು, ಮಂಡಿ ಎಣಿಸುತ್ತದೆ. ಮೆಟ್ಟಿಲಿನ ಬುಡದಲ್ಲಿ ಒಂದು ಹುಡುಗಿ, ಪಕ್ಕದಲ್ಲಿ ಊರುಗೋಲು. ನಾವು ಕನ್ನಡ ಮಾತಾಡುವುದು ಕೇಳಿ ನಕ್ಕಳು. ಹೆಸರು ಪಾವನಾ. ಅಪ್ಪ ಹಾಸನದ ಕಡೆಯವರು, ಏಲೂರಿನ ಕಾರ್ಖಾನೆಯಲ್ಲಿ ಕೆಲಸ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಮಲಯಾಳದಲ್ಲಿ ಉತ್ತರ ಕೊಟ್ಟಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಕಾಲು ಸೋತದ್ದು. ಎರಡು ಬಸ್ಸು ಹತ್ತಿ ಕಾಲೇಜಿಗೆ ಬರುತ್ತಾಳೆ, ಆದರೆ ಈ ಇಪ್ಪತ್ತನಾಲ್ಕು ಮೆಟ್ಟಿಲು ಆಗುವುದಿಲ್ಲ. ಗೆಳತಿಯ ಕೈಯಲ್ಲಿ ಚೀಟಿ ಕಳಿಸಿ ಕೆಳಗೆ ಕಾಯುತ್ತಾಳೆ. ಮೇಲಿಂದ ಒಮ್ಮೆ ಬೇರೆ ಪುಸ್ತಕ ಬರುತ್ತದೆ, ಒಮ್ಮೆ ಇಲ್ಲ ಎಂಬ ಉತ್ತರ ಬರುತ್ತದೆ.

ಅವಳು ಆಮೇಲೆ ಹೇಳಿದ ಮಾತು ನನಗೆ ನಾಟಿತು.

“ಇಲ್ಲಿ ಹೆಸರು ಬರೆದರೆ ಮಾತ್ರ ಪುಸ್ತಕ ಅಜ್ಜಿ. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ನಾನು ಹೇಗೆ ಕೇಳಲಿ?”

ನನಗೆ ಆ ಕಷ್ಟ ಗೊತ್ತು. ಐವತ್ತೆಂಟು ವರ್ಷದವರೆಗೆ ನಾನೂ ಓದು ಬಾರದೆ ಹಾಗೆಯೇ ಇದ್ದೆ. ಬಸ್ಸಿನ ಬೋರ್ಡು, ಔಷಧದ ಬಾಟಲಿ, ಎಲ್ಲದರ ಮುಂದೆ ಕಪಾಟಿಗೆ ಬೀಗ ಹಾಕಿದ ಹಾಗೆ.

ಮೇಲೆ ಹೋದರೆ ಕೌಂಟರಿನ ಮುಂದೆ ಉದ್ದ ಸಾಲು. ಮಕ್ಕಳು ಚೀಟಿ ಕೊಡುತ್ತಾರೆ, ವೆಂಕಟ್ರಮಣ ಓದುತ್ತಾನೆ, ಗೊಂಚಲಿನಲ್ಲಿ ಹುಡುಕುತ್ತಾನೆ, ಬೀಗ ತೆಗೆಯುತ್ತಾನೆ, ಏಣಿ ಹತ್ತುತ್ತಾನೆ, ಪುಸ್ತಕ ತೆಗೆದು ಮತ್ತೆ ಬೀಗ ಹಾಕುತ್ತಾನೆ. ಪಕ್ಕದಲ್ಲಿ ಅಸಿಸ್ಟೆಂಟ್ ಗ್ರೇಸಿ ಮುದ್ರೆ ಒತ್ತುತ್ತಾಳೆ. ಅವಳೂ ಲೈಬ್ರರಿ ಪರೀಕ್ಷೆ ಪಾಸು ಮಾಡಿದವಳೇ. ಹನ್ನೆರಡು ವರ್ಷದಿಂದ ಅವಳ ಕೈಗೆ ಸಿಕ್ಕಿದ್ದು ಆ ಮುದ್ರೆ ಒಂದೇ.

ನಾವು ನೋಡುತ್ತಿದ್ದ ಹಾಗೆಯೇ ವೆಂಕಟ್ರಮಣ ಏಣಿಯ ಮೇಲಿಂದ ಒಂದು ಕಟ್ಟು ಪುಸ್ತಕ ಎತ್ತಿದ. ಎತ್ತಿದವನು ಅಲ್ಲೇ ನಿಂತ. ಮುಖ ಬಿಳಿಚಿತು. ಮೆಲ್ಲನೆ ಇಳಿದು, ಗೋಡೆ ಕಡೆ ತಿರುಗಿ ಸ್ಟೂಲಿನ ಮೇಲೆ ಕುಳಿತು, ಹೊಟ್ಟೆಯ ಕೆಳಗೆ ಕೈ ಒತ್ತಿ ಹಿಡಿದ. ಸಾಲಿನ ಮಕ್ಕಳು ಎಲ್ಲೆಲ್ಲೋ ನೋಡಿದರು. ಗ್ರೇಸಿ ಓಡಿಬಂದು, ಬೀಗದಕೈ ಕೊಡಿ ಸಾರ್, ಈ ಹುಡುಗರನ್ನು ನಾನು ಕಳಿಸುತ್ತೇನೆ ಎಂದು ಕೈ ಚಾಚಿದಳು.

ವೆಂಕಟ್ರಮಣ ಒಂದು ಕೈಯಲ್ಲಿ ನೋವು ಹಿಡಿದುಕೊಂಡಿದ್ದ. ಇನ್ನೊಂದು ಕೈಯಲ್ಲಿ ಗೊಂಚಲು ಮುಚ್ಚಿಕೊಂಡ.

ಅದನ್ನು ನಾನು ನೋಡಿದೆ. ನಾನೇ ಎತ್ತಿ ಆಡಿಸಿದ ತಮ್ಮ. ಪಂಚೆಯ ಕಲೆ ಯಾಕೆ ಹೋಗುವುದಿಲ್ಲ ಎಂದು ನನಗೆ ಆಗ ಅರ್ಥವಾಯಿತು.

ನೋವು ಇಳಿದ ಮೇಲೆ, ಮಕ್ಕಳು ಹೋದ ಮೇಲೆ, ಶ್ರೀಕಂಠ ಸ್ಟೂಲು ಎಳೆದುಕೊಂಡು ಅವನ ಮುಂದೆ ಕುಳಿತ.

“ಏನಯ್ಯಾ, ಗ್ರೇಸಿಯವರಿಗೆ ಕೀ ಕೊಟ್ಟಿದ್ರೆ ಏನಾಗ್ತಿತ್ತು?”

“ಪುಸ್ತಕ ಹೋದರೆ ಕೇಳುವುದು ನನ್ನನ್ನು.”

“ಎಷ್ಟು ಹೋಗಿದೆ ಇಲ್ಲೀವರೆಗೆ?”

“ಇಪ್ಪತ್ತೊಂದು ವರ್ಷದಲ್ಲಿ ಒಂದೂ ಹೋಗಲಿಲ್ಲ ಮಾರಾಯ. ಬೇಕಾದರೆ ಬರೆದುಕೊ.”

ಶ್ರೀಕಂಠ ವಾದ ಮಾಡಲಿಲ್ಲ. ಸರಿ, ನಾಳೆ ರೈಲಿನಲ್ಲಿ ಓದಲು ಒಂದು ಕನ್ನಡ ಪುಸ್ತಕ ಕೊಡು ಎಂದ.

ಕನ್ನಡದ ಕಪಾಟು ಇಪ್ಪತ್ತೇಳನೆಯದು, ಮೂಲೆಯಲ್ಲಿ, ಗೋಡೆಗೆ ತಾಗಿಕೊಂಡು. ಕಾರ್ಡು ನಿಂತ ಮೇಲೆ ಯಾವಾಗಲೋ ಕೊಚ್ಚಿಯ ಕನ್ನಡ ಮನೆಗಳವರು ಸೇರಿ ಕೊಟ್ಟ ಇನ್ನೂರ ಹನ್ನೆರಡು ಪುಸ್ತಕ. ಬೀಗ ತಿರುಗಲಿಲ್ಲ. ಗ್ರೇಸಿ ತನ್ನ ಬುತ್ತಿಯ ಚೀಲದಿಂದ ತೆಂಗಿನೆಣ್ಣೆಯ ಸಣ್ಣ ಬಾಟಲಿ ತೆಗೆದು ಎರಡು ಹನಿ ಬಿಟ್ಟಳು. ಬಾಗಿಲು ತೆರೆದಾಗ ಹಸಿಮಣ್ಣಿನ ವಾಸನೆ ಬಂತು. ಪುಸ್ತಕಗಳ ಬೆನ್ನುಗಳು ಮಾತ್ರ ಸಾಲಾಗಿ, ನೆಟ್ಟಗೆ, ಇಟ್ಟ ಹಾಗೆಯೇ ನಿಂತಿದ್ದವು. ಶ್ರೀಕಂಠ ಕೆಳಗಿನ ಸಾಲಿನಿಂದ ಒಂದನ್ನು ಎಳೆದ. ಬೆನ್ನಿನ ರಟ್ಟು ಮಾತ್ರ ಅವನ ಕೈಗೆ ಬಂತು. ಹಿಂದೆ ಪುಸ್ತಕ ಇರಲಿಲ್ಲ, ಗೆದ್ದಲಿನ ಮಣ್ಣು ಇತ್ತು.

ಗೋಡೆಯ ಬಿರುಕಿನಿಂದ ಬಂದು ಕೆಳಗಿನ ಎರಡು ಸಾಲು ತಿಂದು ಮುಗಿಸಿದ್ದವು. ಎಷ್ಟು ವರ್ಷದಿಂದಲೋ. ಬೀಗ ಭದ್ರವಾಗಿಯೇ ಇತ್ತು.

ವೆಂಕಟ್ರಮಣ ನೆಲದ ಮೇಲೆ ಕುಳಿತುಬಿಟ್ಟ. ಶ್ರೀಕಂಠ ನಗಲಿಲ್ಲ. ಕೊನೆಗೆ ಯಾವಾಗ ತೆಗೆದದ್ದು ಎಂದು ಮಾತ್ರ ಕೇಳಿದ.

“ಯಾರೂ ಕೇಳಲಿಲ್ಲ,” ಎಂದ ತಮ್ಮ. ಸ್ವರ ಸಣ್ಣದಾಗಿತ್ತು.

ಯಾರು ಕೇಳಬೇಕು? ಹೀಗೊಂದು ಕಪಾಟು ಇದೆ ಎಂದು ಹೇಳುವ ಕಾರ್ಡೇ ಇರಲಿಲ್ಲ. ಕೆಳಗೆ ಮೆಟ್ಟಿಲಿನ ಬುಡದಲ್ಲಿ ಒಂದು ಕನ್ನಡದ ಹುಡುಗಿ ಎರಡು ವರ್ಷದಿಂದ ಕುಳಿತಿದ್ದಾಳೆ, ಅವಳಿಗೂ ಗೊತ್ತಿಲ್ಲ. ಗ್ರೇಸಿ ಪಕ್ಕದ ಅರ್ಥಶಾಸ್ತ್ರದ ಕಪಾಟು ತೋರಿಸಿದಳು. ದಿನಕ್ಕೆ ಹತ್ತು ಸಲ ತೆರೆಯುವ ಕಪಾಟು ಅದು. ಪುಸ್ತಕಗಳ ಮೂಲೆ ಸವೆದಿತ್ತು, ಮೂರು ಮೂರು ಸಲ ರಟ್ಟು ಕಟ್ಟಿಸಿದ್ದರು, ಆದರೆ ಹಾಳೆಗಳೆಲ್ಲ ಇದ್ದವು.

“ಕೈ ತಾಗುವ ಪುಸ್ತಕಕ್ಕೆ ಗೆದ್ದಲು ಬರುವುದಿಲ್ಲ ಸಾರ್,” ಎಂದಳು ಗ್ರೇಸಿ. ಹನ್ನೆರಡು ವರ್ಷದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಬುದ್ಧಿಮಾತು ಅದೇ ಇರಬೇಕು. ಅವನು ತಲೆ ಎತ್ತಿ ಅವಳನ್ನು ನೋಡಿದ.

ಅಷ್ಟಕ್ಕೇ ಒಪ್ಪಿಕೊಳ್ಳುವ ಜಾತಿ ಅಲ್ಲ ನನ್ನ ತಮ್ಮ. ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ಮತ್ತೆ ಶುರು ಮಾಡಿದ. ಗೆದ್ದಲಿನದ್ದು ಬೇರೆ ವಿಷಯ, ಎಲ್ಲರ ಕೈಗೆ ಬೀಗದಕೈ ಕೊಟ್ಟರೆ ತಿಂಗಳೊಳಗೆ ಅರ್ಧ ಲೈಬ್ರರಿ ಇರುವುದಿಲ್ಲ, ಒಬ್ಬನ ಕೈಯಲ್ಲಿದ್ದರೇ ಮನೆ ಸರಿ. ಶ್ರೀಕಂಠ ಸಾರು ಸುರಿದುಕೊಳ್ಳುತ್ತಾ ಕೇಳಿದ.

“ನೀನು ಆಸ್ಪತ್ರೆ ಸೇರಿದ ದಿನ ನಿನ್ನ ಲೈಬ್ರರಿ ಇರುತ್ತೋ, ಇರಲ್ವೋ? ಅದಕ್ಕೆ ಉತ್ತರ ಇದ್ರೆ ನೀನು ಯಜಮಾನ. ಇಲ್ದಿದ್ರೆ ನೀನೂ ಒಂದು ಬೀಗ ಕಣಯ್ಯಾ.”

ಮುಂದಿನ ವಾರ ರಾಜ್ಯ ಸರಕಾರದ ಒಂದು ರಜೆ ಇತ್ತು, ಕೇಂದ್ರದವರಿಗೆ ಇಲ್ಲ. ಆ ದಿನ ಹನ್ನೊಂದು ಗಂಟೆಗೆ ಬಾ, ನನ್ನ ಲೈಬ್ರರಿ ತೋರಿಸುತ್ತೇನೆ, ನೋಡಿ ಆಮೇಲೆ ಬೈಯಿ ಎಂದ ಶ್ರೀಕಂಠ. ಮಾರನೆಯ ದಿನ ಪೆಟ್ಟಿಗೆ ಬಿಡಿಸಿಕೊಂಡು ಹೋದ.

ಆ ರಜೆಯ ದಿನ ಬೆಳಗಿನ ರೈಲಿಗೆ ತಮ್ಮನ ಜೊತೆ ನಾನೂ ಹೊರಟೆ. ದಾರಿಯಲ್ಲಿ ಅವನಿಗೆ ನೋವು ಬಂದರೆ ಯಾರಾದರೂ ಬೇಕಲ್ಲ. ಸರಿಯಾಗಿ ಹನ್ನೊಂದಕ್ಕೆ ಆ ಸಂಸ್ಥೆಯ ಬಾಗಿಲಲ್ಲಿ ಇದ್ದೆವು. ಶ್ರೀಕಂಠ ಇರಲಿಲ್ಲ.

ರಾಮದಾಸ ಎಂಬ ನಡುವಯಸ್ಸಿನ ಅಟೆಂಡರು ಎದ್ದು ಬಂದು, ಸಾರ್ ಇವತ್ತು ರಜೆ, ನಿಮಗೆ ಯಾವ ಪುಸ್ತಕ ಬೇಕು ಎಂದು ಮಲಯಾಳದಲ್ಲಿ ಕೇಳಿದರು. ವೆಂಕಟ್ರಮಣನಿಗೆ ಸಿಟ್ಟು ಮೂಗಿನ ತುದಿಗೆ ಬಂತು. ಐದು ಗಂಟೆ ರೈಲಿನಲ್ಲಿ ಕುಳಿತು ಬಂದರೆ ಕರೆದವನೇ ಇಲ್ಲ. ವಾಪಸು ಹೋಗುವ ಅಕ್ಕ ಎಂದ. ರಾಮದಾಸರು ಅವಸರ ಮಾಡಲಿಲ್ಲ. ನಮ್ಮನ್ನು ಕೂರಿಸಿ, ಜೀರಿಗೆ ನೀರು ಕೊಟ್ಟು, ಕಾರ್ಡಿನ ಪೆಟ್ಟಿಗೆ ಮುಂದೆ ತಂದಿಟ್ಟರು.

ನನ್ನ ತಮ್ಮ ಪರೀಕ್ಷೆ ಮಾಡಿದ. ಬೇಕೆಂದೇ ಒಂದು ಹಳೆಯ, ಕಷ್ಟದ ಹೆಸರು ಹೇಳಿದ. ರಾಮದಾಸರು ಕಾರ್ಡು ಹುಡುಕಿ, ಒಳಗೆ ಹೋಗಿ, ನಾಲ್ಕು ನಿಮಿಷದಲ್ಲಿ ಪುಸ್ತಕ ತಂದು ಮುಂದಿಟ್ಟರು. ತಮ್ಮ ಪುಸ್ತಕ ತಿರುಗಿಸಿ ತಿರುಗಿಸಿ ನೋಡಿದ. ತಪ್ಪು ಸಿಗಲಿಲ್ಲ.

ಆಮೇಲೆ ಎದ್ದು ತಿರುಗಾಡಿದ. ನಾನು ಹಿಂದೆಯೇ ಹೋದೆ. ಕಪಾಟುಗಳಿಗೆ ಬಾಗಿಲೇ ಇರಲಿಲ್ಲ. ಓದುವವರು ತಾವೇ ತೆಗೆದು ನೋಡುತ್ತಿದ್ದರು. ಅಪರೂಪದ ಪುಸ್ತಕಗಳ ಕೋಣೆಗೆ ಮಾತ್ರ ಬೀಗ, ಅದರ ಕೀಲಿಕೈ ಹಲಗೆಯ ಮೇಲೆ ಮೊಳೆಗೆ ನೇತಾಡುತ್ತಿತ್ತು, ಕೆಳಗೆ ಈ ವಾರ ಯಾರ ಪಾಳಿ ಎಂದು ಬರೆದಿತ್ತು. ಕೆಳಗಿನ ಅಂತಸ್ತಿನಲ್ಲೇ ಒಂದು ಮೇಜು, ಅಲ್ಲಿ ಕಣ್ಣು ಕಾಣದ ಒಬ್ಬರಿಗೆ ಇನ್ನೊಬ್ಬ ಹುಡುಗ ಮೆಲುದನಿಯಲ್ಲಿ ಓದಿ ಹೇಳುತ್ತಿದ್ದ. ಕಿಟಕಿಗಳೆಲ್ಲ ತೆರೆದಿದ್ದವು. ಫ್ಯಾನು ಜನ ಕುಳಿತ ಕಡೆ ಮಾತ್ರ ತಿರುಗುತ್ತಿತ್ತು. ಒಂದು ಬದಿ ಅಚ್ಚಾದ ಕಾಗದವನ್ನು ಕತ್ತರಿಸಿ ಚೀಟಿ ಮಾಡಿದ್ದರು. ಧೂಳು ಹೊಡೆಯುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಗುಡಿಸುವ ಹೆಂಗಸು ಕೆಲಸ ಮುಗಿಸಿ, ವಿಜ್ಞಾನಿಗಳು ಕೂರುವ ಅದೇ ಕುರ್ಚಿಯಲ್ಲಿ ಕುಳಿತು ವಾರಪತ್ರಿಕೆ ಓದುತ್ತಿದ್ದಳು. ಯಾರೂ ಅವಳನ್ನು ಏಳು ಎನ್ನಲಿಲ್ಲ.

ಕೊನೆಗೆ ತಮ್ಮ ತನ್ನ ಪ್ರಶ್ನೆ ಕೇಳಿಯೇ ಕೇಳಿದ. ವರ್ಷಕ್ಕೆ ಎಷ್ಟು ಪುಸ್ತಕ ಹೋಗುತ್ತದೆ?

ರಾಮದಾಸರು ಮುಚ್ಚಿಡಲಿಲ್ಲ. ನಲವತ್ತು ಸಾವಿರದಲ್ಲಿ ಹೋದ ವರ್ಷ ಹನ್ನೊಂದು. ಪಟ್ಟಿ ಬಾಗಿಲಿಗೆ ಅಂಟಿಸಿದ್ದೆವು, ನೋಡಿ ನಾಲ್ಕು ವಾಪಸು ಬಂದವು ಎಂದರು.

“ಪುಸ್ತಕ ಹೋಗಿ ನಿಮಗೆ ನಿದ್ರೆ ಬರುತ್ತದಾ?” ಎಂದ ವೆಂಕಟ್ರಮಣ.

“ನನಗೆ ಬರುತ್ತದೆ ಸಾರ್. ನಮ್ಮ ಸಾರಿಗೂ ಬರುತ್ತದೆ. ಈಗ ಬಹುಶಃ ನಿದ್ರೆಯಲ್ಲೇ ಇದ್ದಾರೆ.”

ನನಗೆ ನಗು ತಡೆಯಲಿಲ್ಲ. ತಮ್ಮ ಮಾತ್ರ ನಗಲಿಲ್ಲ, ಶ್ರೀಕಂಠನ ಖಾಲಿ ಕುರ್ಚಿ ನೋಡುತ್ತಾ ನಿಂತ. ಅವನು ತೋರಿಸುತ್ತೇನೆ ಎಂದದ್ದು ಆ ಕುರ್ಚಿಯನ್ನೇ ಎಂದು ನನಗೆ ಆಗ ಹೊಳೆಯಿತು. ತಮ್ಮನಿಗೆ ನನಗಿಂತ ಮೊದಲೇ ಹೊಳೆದಿರಬೇಕು.

ಸ್ಟೇಷನ್ನಿಗೆ ಹೋಗುವ ಮೊದಲು ಚಾಲೈ ಬೀದಿಗೆ ಹೋಗುವ ಎಂದ. ಗಂಧಿಗೆ ಅಂಗಡಿಯಲ್ಲಿ ಬಜೆ ಬೇರು ಕೇಳಿದ. ಹುಳ ಬಾರದ ಹಾಗೆ ಪುಸ್ತಕದ ನಡುವೆ ಇಡುವುದಕ್ಕೆ. ಬಜೆ ಎಂದರೆ ಎಳೆಮಕ್ಕಳ ನಾಲಿಗೆಗೆ ತೇದು ಹಾಕುವುದಲ್ಲವೇ, ಅಂಗಡಿಯವನು ಮನೆಯಲ್ಲಿ ಮಗು ಉಂಟಾ ಎಂದು ವಿಚಾರಿಸಿದ.

“ಉಂಟು,” ಎಂದ ತಮ್ಮ. “ಆರು ಸಾವಿರ.”

ರೈಲಿನಲ್ಲಿ ಕೊಲ್ಲಂ ದಾಟಿದ ಮೇಲೆ, ಕಿಟಕಿ ಕಡೆ ಮುಖ ಮಾಡಿಯೇ ಮಾತಾಡಿದ.

“ಆ ಕಾಗದದಲ್ಲಿ ಒಂದು ಸಾಲು ಉಂಟು ಅಕ್ಕ. ನಾನು ರಜೆಯಲ್ಲಿ ಇರುವಷ್ಟು ದಿನ ಲೈಬ್ರರಿ ಮುಚ್ಚಲು ಅನುಮತಿ ಕೊಡಬೇಕು ಅಂತ. ಬೇರೆ ಎಂತ ಬರೆಯುವುದು ಅಂತ ಗೊತ್ತಾಗಲಿಲ್ಲ. ಬರೆದದ್ದು ಓದಿ ನನಗೇ ನಾಚಿಕೆ ಆಯಿತು. ಕಳಿಸಲಿಲ್ಲ.”

ಎರಡು ವರ್ಷ ನಾನು ಅದನ್ನು ಹಟ ಎಂದು ತಿಳಿದಿದ್ದೆ.

ಮರುವಾರವೇ ಕೆಲಸ ಶುರುವಾಯಿತು. ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಮುರಿದ ಬೆಂಚು ತುಂಬಿಸಿದ್ದರು. ಪ್ರಿನ್ಸಿಪಾಲರನ್ನು ಕೇಳಿ ಅದನ್ನು ಖಾಲಿ ಮಾಡಿಸಿದರು. ಕಾರ್ಡಿನ ಪೆಟ್ಟಿಗೆ ಕೆಳಗೆ ಬಂತು. ಹೊಸ ಕಾರ್ಡು ಕೊಳ್ಳಲಿಲ್ಲ, ಮನೆ ಮನೆಯಿಂದ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ತಂದು ಗ್ರೇಸಿ ಅಳತೆಗೆ ಕತ್ತರಿಸಿದಳು. ವೆಂಕಟ್ರಮಣ ತಲೆಯಲ್ಲಿ ಇದ್ದದ್ದನ್ನೆಲ್ಲ ಒಂದೊಂದಾಗಿ ಹೇಳಿದ, ಮಕ್ಕಳು ಬರೆದರು. ಬರೆಯುವವರ ಮೇಲ್ವಿಚಾರಣೆ ಪಾವನಾಳದ್ದು. ಅಕ್ಷರ ಗೀಚಿದರೆ ಅವಳು ಗಂಡುಮಕ್ಕಳನ್ನೂ ಬಿಡುತ್ತಿರಲಿಲ್ಲ, ಕಾರ್ಡು ಹರಿದು ಮತ್ತೆ ಬರೆಸುತ್ತಿದ್ದಳು.

ಪುಸ್ತಕ ಕೆಳಗೆ ಬರುವುದು ಹೇಗೆ ಎಂಬ ಪ್ರಶ್ನೆ ಬಂತು. ಅದಕ್ಕೆ ಉಪಾಯ ಹೇಳಿದವನು ನನ್ನ ತಮ್ಮನೇ. ಊರ ಮನೆಯ ಬಾವಿಯಲ್ಲಿ ನೀರು ಸೇದಿದವನು ಅವನು. ಮಾಳಿಗೆಯ ಕಿಟಕಿಗೆ ಒಂದು ರಾಟೆ ಕಟ್ಟಿ, ಹಗ್ಗಕ್ಕೆ ಬೆತ್ತದ ಬುಟ್ಟಿ ಕಟ್ಟಿಸಿದ. ಪಾವನಾ ಕೆಳಗಿನಿಂದ ಚೀಟಿ ಹಾಕಿ ಹಗ್ಗ ಜಗ್ಗುತ್ತಾಳೆ, ಪುಸ್ತಕ ಇಳಿದು ಬರುತ್ತದೆ. ಮಾಳಿಗೆ ಹತ್ತಲಾಗದ ಮುದಿ ಮೇಷ್ಟ್ರುಗಳಿಗೂ ಅದೇ ಬುಟ್ಟಿ. ಏಣಿ ಯಾರು ಹತ್ತಬೇಕು ಎಂಬುದಕ್ಕೆ ಪಾಳಿ ಆಯಿತು, ಆ ಪಾಳಿಯಲ್ಲಿ ವೆಂಕಟ್ರಮಣನ ಹೆಸರು ಗ್ರೇಸಿ ಬರೆಯಲಿಲ್ಲ.

ಶನಿವಾರ ಎರಡು ಕಪಾಟಿನ ಪುಸ್ತಕ ಜಗಲಿಯ ನೆರಳಿನಲ್ಲಿ ಗಾಳಿಗೆ ಹರಡುವುದು ಎಂದಾಯಿತು. ಕನ್ನಡ ಕಪಾಟಿನಲ್ಲಿ ಉಳಿದದ್ದು ನೂರ ಮೂವತ್ತೆಂಟು. ಅದನ್ನು ಗೋಡೆಯಿಂದ ಒಂದು ಗೇಣು ಈಚೆ ಇಟ್ಟು, ಗೋಡೆಯ ಬಿರುಕು ಮುಚ್ಚಿಸಿದರು. ಅವಕ್ಕೆ ಕಾರ್ಡು ಬರೆದದ್ದು ನಾನು. ನಮ್ಮ ಬೀದಿಯ ರಾತ್ರಿ ತರಗತಿಯಲ್ಲಿ ಮೊದಲು ಮಲಯಾಳ, ಆಮೇಲೆ ತಮ್ಮನ ಕೈಯಲ್ಲಿ ಕನ್ನಡ ಕಲಿತ ಕೈ ಇದು. ಗಂಟೆಗೆ ನಾಲ್ಕು ಕಾರ್ಡು. ಪಾವನಾ ಪಕ್ಕದಲ್ಲಿ ಕುಳಿತು, ಇದು ಯಾವ ಅಕ್ಷರ, ಇದು ಯಾವುದು ಎಂದು ಮಲಯಾಳದಲ್ಲೇ ಕೇಳುತ್ತಿದ್ದಳು. ಕ್ರಿಸ್ಮಸ್ ರಜೆಯ ಹೊತ್ತಿಗೆ ಒಂದು ಕಾರ್ಡು ತಾನೇ ಓದಿದಳು. “ಅಜ್ಜಿ, ಇದು ನನಗೆ ಬಂತು,” ಎಂದಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ.

ಜನವರಿಯಲ್ಲಿ ಒಂದು ದಿನ ವೆಂಕಟ್ರಮಣ ಪ್ರಯೋಗಕ್ಕೆಂದು ಮನೆಯಲ್ಲಿ ಉಳಿದ. ಗೊಂಚಲು ಗ್ರೇಸಿಗೆ ಒಂದು ದಿನದ ಮಟ್ಟಿಗೆ ಕೊಟ್ಟಿದ್ದ. ಬೆಳಗಿನಿಂದ ಸೊಂಟ ಮುಟ್ಟಿ ಮುಟ್ಟಿ ನೋಡಿಕೊಂಡ. ಹನ್ನೆರಡು ಗಂಟೆಗೆ ಅಂಗಡಿಗೆ ಹೋಗಿ ಕಾಲೇಜಿಗೆ ಫೋನು ಮಾಡುತ್ತೇನೆ ಎಂದ. ನಾನು ಮೊರದಲ್ಲಿ ಅಕ್ಕಿ ಕೊಟ್ಟು ಕಲ್ಲು ಆರಿಸಲು ಕೂರಿಸಿದೆ.

ಸಂಜೆ ಗ್ರೇಸಿ ಮನೆಗೆ ಹೋಗುವ ದಾರಿಯಲ್ಲಿ ಬಂದಳು. ಅರುವತ್ತಮೂರು ಪುಸ್ತಕ ಹೋಯಿತು ಬಂತು. ಒಂದು ಮಾತ್ರ ತಪ್ಪಿ ಭೌತಶಾಸ್ತ್ರದ್ದು ಚರಿತ್ರೆಯ ಕಪಾಟಿಗೆ ಸೇರಿತ್ತು ಎಂದಳು. ನನ್ನ ತಮ್ಮನ ಮುಖ ಅರಳಿತು. ನೋಡಿದಿಯಾ ಅಕ್ಕ ಎಂದು ನನ್ನ ಕಡೆ ತಿರುಗಿದ.

ಗ್ರೇಸಿ ಚಹಾದ ಲೋಟ ಕೆಳಗಿಟ್ಟಳು. “ತಪ್ಪಾದದ್ದು ಸಂಜೆಯೊಳಗೆ ಗೊತ್ತಾಯಿತು ಸಾರ್, ಕಾರ್ಡು ಇತ್ತಲ್ಲ. ಮೊದಲು ನೀವು ತಪ್ಪಿದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.”

ಅವನು ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದ. ಅವಳು ಗೊಂಚಲು ವಾಪಸು ಕೊಡಲು ತೆಗೆದಳು. ಬೇಡ, ನಿಮ್ಮ ಹತ್ತಿರವೇ ಇರಲಿ ಎಂದ. ನನ್ನ ಸೊಂಟಕ್ಕೂ ಬೇಡ ಸಾರ್, ಹಲಗೆಗೆ ಮೊಳೆ ಹೊಡೆಸಿದ್ದೇನೆ ಎಂದಳು ಅವಳು.

ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಕಪಾಟು ತೆರೆದ ಮೇಲೆ ಎರಡು ಪುಸ್ತಕ ಕಾಣೆಯಾದವು. ಬಾಗಿಲಿಗೆ ಪಟ್ಟಿ ಅಂಟಿಸಿದರು. ಒಂದು, ಹೆಸರಿಲ್ಲದ ಪೊಟ್ಟಣದಲ್ಲಿ ವಾಪಸು ಬಂತು. ಇನ್ನೊಂದು ಬರಲಿಲ್ಲ. ತಮ್ಮ ಎರಡು ದಿನ ಬೇಸರದಲ್ಲಿ ಇದ್ದ, ಮೂರನೆಯ ದಿನ ಇಪ್ಪತ್ತೇಳನೆಯ ಕಪಾಟಿನಲ್ಲಿ ಹೋದ ಎಪ್ಪತ್ತನಾಲ್ಕನ್ನು ನೆನೆದು ಸಮಾಧಾನ ಮಾಡಿಕೊಂಡ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯ ಮಕ್ಕಳು ಹೋಗುವ ಕಾಲೇಜಿನಲ್ಲೂ ಒಂದು ಲೈಬ್ರರಿ ಇರುತ್ತದೆ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ನೋಡಿ. ಓದು ಬಾರದಿದ್ದರೂ ಹೋಗಿ, ಕಣ್ಣು ಇದ್ದರೆ ಸಾಕು. ಕಪಾಟು ತೆರೆದಿದೆಯಾ, ಕಾಲು ಸೋತವರಿಗೆ, ಕಣ್ಣು ಸೋತವರಿಗೆ ಅಲ್ಲಿ ಜಾಗ ಇದೆಯಾ ಎಂದು ಕೇಳಿ. ಅಲ್ಲಿ ಕೆಲಸ ಮಾಡುವವರಿಗೆ ಕೂರಲು ಸ್ಟೂಲು, ವಾರಕ್ಕೊಂದು ಬಿಡುವು ಉಂಟಾ ಎಂದೂ ಕೇಳಿ, ಅವರೂ ಯಾರದೋ ತಮ್ಮ, ಯಾರದೋ ತಂಗಿ. ಇಲ್ಲ ಎಂದಾದರೆ ಬೈಯಬೇಡಿ. ನಿಮ್ಮ ಹಳೆಯ ಕ್ಯಾಲೆಂಡರು ಕೊಂಡುಹೋಗಿ, ಒಂದು ಗಂಟೆ ಕುಳಿತು ಸಹಾಯ ಮಾಡಿ. ನಿಮ್ಮ ಮನೆಯಲ್ಲೇ ಎಲ್ಲ ಕೀಲಿಕೈಯನ್ನೂ ಒಬ್ಬರೇ ಕಟ್ಟಿಕೊಂಡು ಬಳಲುವವರು ಇದ್ದರೆ, ಅದು ನೀವೇ ಆಗಿದ್ದರೂ, ಹಲಗೆಗೆ ಒಂದು ಮೊಳೆ ಹೊಡೆಯಿರಿ.

ಫೆಬ್ರವರಿಯ ಮೊದಲ ಸೋಮವಾರ ವೆಂಕಟ್ರಮಣ ಡ್ರಾಯರಿನಿಂದ ಆ ಕಾಗದ ತೆಗೆದ. ಮಡಿಕೆಗಳು ಹಳದಿಯಾಗಿದ್ದವು. ಹೊಸ ಹಾಳೆಯಲ್ಲಿ ಹಾಗೆಯೇ ನಕಲು ಮಾಡಿದ, ಕೊನೆಯ ಸಾಲು ಬಂದಾಗ ನಿಲ್ಲಿಸಿದ. ಲೈಬ್ರರಿ ಮುಚ್ಚಲು ಅನುಮತಿ ಬೇಕು ಎಂಬ ಜಾಗದಲ್ಲಿ, ನನ್ನ ರಜೆಯ ದಿನಗಳಲ್ಲಿ ಲೈಬ್ರರಿ ಎಂದಿನಂತೆ ತೆರೆದಿರುತ್ತದೆ, ಗ್ರೇಸಿಯವರು ನೋಡಿಕೊಳ್ಳುತ್ತಾರೆ ಎಂದು ಬರೆದ. ಪ್ರಿನ್ಸಿಪಾಲರ ಸಹಿಯೂ ಆಯಿತು.

ದೋಣಿಕಟ್ಟೆಯ ಪಕ್ಕದ ಅಂಚೆಪೆಟ್ಟಿಗೆಯವರೆಗೆ ನಾನು ಜೊತೆಗೆ ಹೋದೆ. ಅವನು ನಡೆಯುವಾಗ ಸದ್ದೇ ಇರಲಿಲ್ಲ, ಎರಡು ಸಲ ನಾನೇ ತಿರುಗಿ ನೋಡಿದೆ, ಬರುತ್ತಿದ್ದಾನಾ ಎಂದು. ಪೆಟ್ಟಿಗೆಯ ಮುಂದೆ ನಿಂತು, ನೀನೇ ಹಾಕು ಅಕ್ಕ ಎಂದ. ನಿನ್ನ ಕಾಗದ ನೀನೇ ಹಾಕು ಎಂದೆ. ಹಾಕಿದ. ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿತು.

ನನ್ನ ಕೈಯಲ್ಲಿ ಶಾರದಳಿಗೆ ಒಂದು ಅಂಚೆಕಾರ್ಡು ಇತ್ತು. ಅದನ್ನು ಪೆಟ್ಟಿಗೆಯ ತಲೆಯ ಮೇಲೆ ಇಟ್ಟುಕೊಂಡು ಬರೆದೆ. ಈ ಸಲ ಒಂದೇ ಶಬ್ದ, ಅಭ್ಯಾಸ ಇಲ್ಲದ್ದರಿಂದ ಅಕ್ಷರ ಸ್ವಲ್ಪ ಓರೆಯಾಯಿತು: ಹೋಯಿತು.